ಹನ್ನೊಂದನೆಯ ನಿಮಿಷದಲ್ಲಿ ಕೆಮ್ಮಿದವರಿಗೆ

ಬೆಟಗೇರಿ, ಗದಗ
ಫೆಬ್ರವರಿ 30, 2189, ಗುರುವಾರ, ಮಧ್ಯಾಹ್ನ ಎರಡೂವರೆ

ಹನ್ನೊಂದನೆಯ ನಿಮಿಷದಲ್ಲಿ ಕೆಮ್ಮಿದವರಿಗೆ ಫಕೀರೇಶ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನವೇ ಇರಲಿಲ್ಲ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ಬರುತ್ತವೆ, ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಈ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಪದಗಳು ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಓದಿದ್ದು ಹತ್ತನೇ ತನಕ. ಚೆಂದ ಮಾಡಿ ಬರೆಯಲು ಬರುವುದಿಲ್ಲ, ಒಂದೇ ಕಡೆ ಕೂರಲೂ ಬರುವುದಿಲ್ಲ. ಇಷ್ಟು ಬರೆಯುವುದರಲ್ಲಿ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ. ನಾಲ್ಕು ಗಂಟೆಗೆ ಶ್ರವಣ ಕಚೇರಿಯವರು, ಅಂದರೆ ಊರಿನವರು ಏನು ಕೇಳುತ್ತಾರೆ ಅಂತ ಕಾಯುವ ಸರ್ಕಾರದವರು, ಬಂದು ನಿಮ್ಮ ಕೆಮ್ಮನ್ನು ತೆಗೆದುಕೊಂಡು ಹೋಗುತ್ತಾರಂತೆ. ನಾನು ಕೊಡುವುದಿಲ್ಲ. ಅದನ್ನು ಹೇಳಲಿಕ್ಕೇ ಈ ಪತ್ರ.

ನೀವು ಯಾರು ಅಂತ ನನಗೆ ಗೊತ್ತಿಲ್ಲ. ನನ್ನ ಹತ್ತಿರ ಇರುವುದು ಒಂದು ಕರಿ ತಟ್ಟೆ, ಸೂಜಿ ಇಟ್ಟು ತಿರುಗಿಸಿದರೆ ಹಾಡುವಂಥದ್ದು. ಒಂದು ಮಗ್ಗುಲಿನಲ್ಲಿ ಮಾತ್ರ ಹಾಡಿದೆ, ಇಪ್ಪತ್ತೆರಡು ನಿಮಿಷ. ಒಬ್ಬ ಹೆಂಗಸು ತಂಬೂರಿ, ತಬಲಾ, ಹಾರ್ಮೋನಿಯಮ್ ಇಟ್ಟುಕೊಂಡು ಭೀಮಪಲಾಸಿ ಹಾಡುತ್ತಾಳೆ. ಅದರ ರಟ್ಟಿನ ಚೀಲದಲ್ಲಿ ಹಾಡುಗಾರ್ತಿಯ ಹೆಸರಿದ್ದ ಮೂಲೆಯನ್ನು ಗೆದ್ದಲು ತಿಂದಿದೆ. ಚೀಲದ ಹಿಂದೆ ಯಾರೋ ಪೆನ್ಸಿಲಿನಲ್ಲಿ ಬರೆದದ್ದು ಉಳಿದಿದೆ: ರವಿವಾರ, ಹಿತ್ತಲ ಖೋಲಿ, ಎರಡು ಮೈಕು, ಫ್ಯಾನು ಬಂದ್. ವರ್ಷ ಬರೆದಿಲ್ಲ. ಆ ಖೋಲಿಯಲ್ಲಿ ಒಂಬತ್ತು ಹತ್ತು ಮಂದಿಯಾದರೂ ಇದ್ದಿರಿ. ಯಾರೋ ಬಳೆ ಸರಿಸುತ್ತಾರೆ, ಕಿಟಕಿಯ ಆಚೆ ಒಂದು ಪಾರಿವಾಳ, ದೂರ ಒಂದು ರೈಲು. ಹನ್ನೊಂದನೆಯ ನಿಮಿಷದಲ್ಲಿ ಹಾಡುಗಾರ್ತಿ ಮೇಲಿನ ಷಡ್ಜ ಹಿಡಿದು ನಿಂತಾಗ ಎಡಗಡೆ ಹಿಂದಿನ ಸಾಲಿನಲ್ಲಿ ನೀವು ಕೆಮ್ಮುತ್ತೀರಿ. ಒಂದೇ ಸಲ, ಬಾಯಿ ಒತ್ತಿ ಹಿಡಿದು. ಆಮೇಲೆ ಹಾಡು ಮುಗಿಯುವವರೆಗೆ ನಿಮ್ಮ ಕಡೆಯಿಂದ ಒಂದು ಉಸಿರೂ ಕೇಳುವುದಿಲ್ಲ. ಮರ್ಯಾದೆ ಹೋಯಿತು ಅಂತ ಕೂತಿದ್ದಿರಿ ಅಂತ ಕಾಣುತ್ತದೆ.

ಈಗ ನಮ್ಮ ಸಂಗತಿ. ನಿಮ್ಮಲ್ಲಿ ಮಕ್ಕಳಿಗೆ ಕಿವಿ ಚುಚ್ಚಿಸುತ್ತಿದ್ದರಂತೆ. ನಮ್ಮಲ್ಲಿ ಮಗುವಿಗೆ ಐದು ತುಂಬಿದ ದಿನ ಸೋದರಮಾವನ ತೊಡೆಯ ಮೇಲೆ ಕೂರಿಸಿ, ಬಾಯಿಗೆ ಬೆಲ್ಲ ಇಟ್ಟು, ಎರಡೂ ಕಿವಿಯೊಳಗೆ ಕಾಳು ಇಡುತ್ತಾರೆ. ಕಿವಿಕಾಳು ಹೆಸರುಕಾಳಿನಷ್ಟೇ ಇರುತ್ತದೆ. ಅದು ಹೊರಗಿನ ಗದ್ದಲವನ್ನು ಒಳಗೆ ಬಿಡುವುದಿಲ್ಲ. ಎದುರಿಗೆ ಮಾತಾಡುವವರ ದನಿಯನ್ನು ಆರಿಸಿ ಹತ್ತಿರ ತರುತ್ತದೆ. ಹಾಡು ಬೇಕೆಂದರೆ ಒಳಗಿನಿಂದಲೇ ಹಾಡುತ್ತದೆ, ಅದೂ ಎದೆಬಡಿತ ಎಣಿಸಿ, ನಮಗೆ ಬೇಕಾದಷ್ಟು ಜೋರು, ಬೇಕಾದಷ್ಟು ಮೆತ್ತಗೆ. ಹಾಗಾಗಿ ಒಂದೇ ಹಾಡನ್ನು ಇಬ್ಬರು ಒಂದೇ ಥರ ಕೇಳಿದ್ದು ನಮ್ಮೂರಲ್ಲಿ ಯಾರಿಗೂ ನೆನಪಿಲ್ಲ. ಮದುವೆ ಮೆರವಣಿಗೆ ಹೊರಟರೆ ಇನ್ನೂರು ಮಂದಿ ಕುಣಿಯುತ್ತಾರೆ, ಬೀದಿ ಮಾತ್ರ ಸುಮ್ಮನಿರುತ್ತದೆ. ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಹೆಜ್ಜೆ ಕೂಡುವುದಿಲ್ಲ, ವರನಿಗೆ ಒಂದು ಹಾಡು, ವಧುವಿಗೆ ಇನ್ನೊಂದು. ಚಿಕ್ಕವನಿದ್ದಾಗ ನನಗೂ ಅದೇ ಸರಿ ಅನಿಸುತ್ತಿತ್ತು.

ಸ್ಪೀಕರಿನ ಡಬ್ಬಿಯಿಂದ ಹೊರಬಿದ್ದು ಎಲ್ಲರಿಗೂ ಕೇಳುವ ಸಂಗೀತಕ್ಕೆ ನಾವು ಬಯಲುದನಿ ಅನ್ನುತ್ತೇವೆ. ಕಾನೂನಿನಲ್ಲಿ ಅದಕ್ಕೆ ಪೂರಾ ನಿಷೇಧವಿಲ್ಲ, ಮನೆಯ ಗೋಡೆ ದಾಟಬಾರದು ಅಷ್ಟೆ. ಆದರೆ ಹಳೆಯ ಧ್ವನಿ ಯಾವುದೇ ಸಿಕ್ಕಿದರೂ ತೊಳೆತಕ್ಕೆ ಒಪ್ಪಿಸಬೇಕು. ತೊಳೆತ ಅಂದರೆ ಹಾಡನ್ನು ಯಂತ್ರಕ್ಕೆ ಕೊಟ್ಟು, ಹಾಡಲ್ಲದ್ದನ್ನೆಲ್ಲ ತೆಗೆದು, ಕಿವಿಕಾಳಿಗೆ ಹೊಂದುವಂತೆ ಮಾಡಿ, ಮೂಲ ತಟ್ಟೆಯನ್ನು ಕರಗಿಸುವುದು. ಇದು ಸುಮ್ಮನೆ ಬಂದದ್ದಲ್ಲ. ತಪ್ಪು ನಿಮ್ಮದೂ ಇದೆ, ಹೇಳಿಬಿಡುತ್ತೇನೆ. ಆಳೆತ್ತರದ ಡಬ್ಬಿಗಳನ್ನು ಲಾರಿ ಮೇಲೆ ಪೇರಿಸಿ ಓಣಿ ಓಣಿಯಲ್ಲಿ ಕಿಟಕಿ ಗಾಜು ಅಲುಗಿಸಿದವರು ನೀವು. ನಿಮ್ಮ ಮೊಮ್ಮಕ್ಕಳು ಮೂವತ್ತಕ್ಕೇ ಕಿವುಡರಾದರು. ಕಾಳು ಮೊದಲು ಬಂದದ್ದು ಅವರಿಗೆ ಔಷಧಿಯಾಗಿ. ಗದ್ದಲ ಮಾಡಿದವರು ಒಬ್ಬರು, ಅದಕ್ಕೆ ಸುಮ್ಮನಾದದ್ದು ಇನ್ನೊಬ್ಬರು. ನಿಮ್ಮ ಹಿತ್ತಲ ಖೋಲಿಯವರು ಫ್ಯಾನು ಬಂದ್ ಮಾಡಿ ಬೆವರುತ್ತ ಮೆತ್ತಗೆ ಕೇಳಿದವರು, ಅದು ನನಗೆ ಗೊತ್ತು. ಆದರೂ ಹೇಳಬೇಕಾದ್ದನ್ನು ಹೇಳಬೇಕಲ್ಲ.

ನನ್ನ ಕೆಲಸ ರೆಕ್ಕೆ ಯಾರ್ಡಿನಲ್ಲಿ. ಕಪ್ಪತಗುಡ್ಡದ ಕಡೆ ನಿಮ್ಮ ಕಾಲದಲ್ಲಿ ನಿಲ್ಲಿಸಿದ ಗಾಳಿಯಂತ್ರಗಳ ರೆಕ್ಕೆಗಳು ಇವತ್ತಿಗೂ ಬರುತ್ತಲೇ ಇವೆ, ಮುಗಿಯುವುದೇ ಇಲ್ಲ. ಅವನ್ನು ಕೊಯ್ದು ಮನೆಗಳಿಗೆ ಚಾವಣಿ ಮಾಡುತ್ತೇವೆ. ಗದಗಿನ ಅರ್ಧ ಮಂದಿ ಮಲಗುವುದು ರೆಕ್ಕೆಯ ಕೆಳಗೆ. ಎರಡು ವರ್ಷದ ಹಿಂದೆ ಯಾರ್ಡಿಗೆ ಜಾಗ ಮಾಡಲು ಬೆಟಗೇರಿಯಲ್ಲಿ ಒಂದು ಹಳೆ ಮನೆ ಕೆಡವಿದಾಗ ಗೋಡೆಯೊಳಗಿನ ಕಪಾಟಿನಲ್ಲಿ ಒಂದು ಟ್ರಂಕು ಸಿಕ್ಕಿತು. ಅದರಲ್ಲಿ ತಟ್ಟೆ ತಿರುಗಿಸುವ ಯಂತ್ರ, ಕೆಂಪಗೆ ಉರಿಯುವ ಬಲ್ಬುಗಳ ಆಂಪ್ಲಿಫೈಯರ್, ಡಬ್ಬಿ ಕೊಳೆತು ಬರೀ ಚಕ್ರ ಉಳಿದ ಎರಡು ಸ್ಪೀಕರ್, ಮತ್ತು ಈ ತಟ್ಟೆ. ತಂದುಬಿಟ್ಟೆ. ಸುಮ್ಮನೆ ಕೂರಲಾಗದವನಿಗೆ ಇದಕ್ಕಿಂತ ಬೇರೆ ಏನು ಬೇಕು. ಸ್ಪೀಕರಿನ ಕಾಗದ ಪುಡಿಯಾಗಿತ್ತು. ನಮ್ಮ ನೇಕಾರರು ಹಾಸಿನ ನೂಲಿಗೆ ಹಾಕುವ ಗಂಜಿಯಲ್ಲಿ ಕಾಗದ ಅದ್ದಿ ಒಣಗಿಸಿ ಹೊಸದಾಗಿ ಮಾಡಿದೆ, ಹನ್ನೊಂದು ಸಲ ಹರಿಯಿತು, ಹನ್ನೆರಡನೆಯದು ನಿಂತಿತು. ರೆಕ್ಕೆಯ ಹೊಟ್ಟೆಯೊಳಗೆ ಬೆಂಡಿನಂಥ ಹಗುರ ಕಟ್ಟಿಗೆ ಇರುತ್ತದೆ. ಅದನ್ನು ರೆಕ್ಕೆಯ ತೊಗಲಿನ ಜೊತೆಗೇ ಕೊಯ್ದು ಡಬ್ಬಿ ಮಾಡಿದೆ. ಬೆರಳಲ್ಲಿ ಬಡಿದರೆ ಡಬ್ಬಿ ಮಾತಾಡಬಾರದು, ಒಳಗಿನ ಹಾಡು ಮಾತ್ರ ಮಾತಾಡಬೇಕು. ಅಷ್ಟು ಗಟ್ಟಿ ಬಂತು. ಬಲ್ಬಿನ ಡಬ್ಬಿಯ ಮುಚ್ಚಳದೊಳಗೆ ಯಾರೋ ಪುಣ್ಯಾತ್ಮರು ನಕ್ಷೆ ಅಂಟಿಸಿದ್ದರು, ಅದನ್ನು ನೋಡಿ ನೋಡಿ ತಂತಿ ಹಚ್ಚಿದೆ. ಮೂರು ಸಲ ಬೆರಳು ಸುಟ್ಟುಕೊಂಡೆ. ಸ್ಪೀಕರಿನ ಹಿಂದೆ ಪ್ಲಸ್ ಯಾವುದು ಮೈನಸ್ ಯಾವುದು ಅಂತ ಹಚ್ಚಿದ್ದ ಕೆಂಪು ಬಣ್ಣ ಮಾತ್ರ ಉದುರಿಹೋಗಿತ್ತು. ಅಂದಾಜಿನ ಮೇಲೆ ಹಚ್ಚಿಬಿಟ್ಟೆ.

ಮೊದಲ ಸಲ ಹಾಡು ಬಂದಾಗ ನಾನು ಯಾರ್ಡಿನವರಿಗೆಲ್ಲ ಹೇಳಿಕೊಂಡು ತಿರುಗಿದೆ. ಒಂದು ವರ್ಷ ಪ್ರತಿದಿನ ಕೇಳಿದೆ. ಹಳೆಯ ಕಾಲದ ಹಾಡುಗಾರ್ತಿಯರು ಒಂದು ಕಡೆ ಕೂತು ಹಾಡುತ್ತಿರಲಿಲ್ಲ, ಅವರ ದನಿ ಹೊಗೆಯ ಹಾಗೆ ಖೋಲಿಯ ತುಂಬ ಹರಡುತ್ತಿತ್ತು ಅಂತ ಒಂದು ಸಿದ್ಧಾಂತವನ್ನೂ ಮಾಡಿಕೊಂಡಿದ್ದೆ. ಚಹಾದ ಅಂಗಡಿಯಲ್ಲಿ ಅದರ ಮೇಲೆ ಭಾಷಣ ಕೊಟ್ಟಿದ್ದೇನೆ.

ಮನೆಯಲ್ಲಿ ನಾನು, ನಮ್ಮವ್ವನ ಅಕ್ಕ ನೀಲವ್ವ, ಇಬ್ಬರೇ. ನಾನು ದೊಡ್ಡವ್ವ ಅನ್ನುತ್ತೇನೆ. ನಲವತ್ತು ವರ್ಷ ಮಗ್ಗದ ಶೆಡ್ಡಿನಲ್ಲಿ ದುಡಿದವಳು. ಇಪ್ಪತ್ತು ವರ್ಷದ ಹಿಂದೆ ಎರಡೂ ಕಿವಿಯಲ್ಲಿ ಕೀವಾಗಿ ಕಾಳು ತೆಗೆಸಬೇಕಾಯಿತು, ಮತ್ತೆ ಇಡಲು ಬರುವುದಿಲ್ಲ ಅಂದುಬಿಟ್ಟರು. ಅಂಥವರಿಗೆ ನಮ್ಮಲ್ಲಿ ಬರಿಗಿವಿ ಅನ್ನುತ್ತಾರೆ. ಕಿವಿ ಚೆನ್ನಾಗಿ ಕೇಳಿದರೂ ಅವರನ್ನು ಕಿವುಡರ ಹಾಗೆ ನೋಡುತ್ತಾರೆ, ಏನು ಹೇಳಬೇಕಿದ್ದರೂ ಕೈಸನ್ನೆ ಮಾಡುತ್ತಾರೆ. ಎಲ್ಲ ಹಾಡೂ ಕಾಳಿನೊಳಗೇ ಇರುವುದರಿಂದ ದೊಡ್ಡವ್ವ ಇಪ್ಪತ್ತು ವರ್ಷದಲ್ಲಿ ಒಂದು ಹಾಡನ್ನೂ ಕೇಳಿರಲಿಲ್ಲ. ನಾನಾದರೂ ಕರೆದೆನೇ? ಇಲ್ಲ. ಒಂದು ವರ್ಷ ಪಕ್ಕದ ಖೋಲಿಯಲ್ಲಿ ಬಯಲುದನಿ ಹಾಕಿಕೊಂಡು ಕೂತಿದ್ದರೂ, ಬರಿಗಿವಿಗೆ ಇದೆಲ್ಲಿ ತಿಳಿಯಬೇಕು ಅಂತ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆದಿದ್ದೇನೆ.

ಒಂದು ದಿನ ಆಕೆ ಒಳಗೆ ಬಂದದ್ದು ಕೌದಿ ಕೇಳಲು. ದನಿ ಗೋಡೆಗೆ ಬಡಿದು ವಾಪಸು ಬರಬಾರದು ಅಂತ ಆಕೆಯ ಕೌದಿಯನ್ನು ಕೇಳದೇ ತಂದು ಹಿಂದಿನ ಗೋಡೆಗೆ ಮೊಳೆ ಹೊಡೆದಿದ್ದೆ. ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಒಮ್ಮೆ ಎಡಗಡೆಯ ಡಬ್ಬಿಯನ್ನು, ಒಮ್ಮೆ ಬಲಗಡೆಯದನ್ನು ನೋಡಿದಳು. ಹುಬ್ಬು ಗಂಟು ಹಾಕಿದಳು.

“ಈ ಹಾಡಾಕಿ ಎಲ್ಲಿ ಕುಂತಾಳೋ ಫಕೀರ್ಯಾ?” ಅಂದಳು. “ಒಂದ ಕಡಿಂದ ದೂಡತಾಳ, ಒಂದ ಕಡಿಂದ ಎಳೀತಾಳ. ನಡುವ ಯಾರೂ ಇಲ್ಲಲ್ಲ.”

ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷ ಹಾಡು ಕೇಳದವಳು ನನಗೆ ಹೇಳಲು ಬಂದಳಲ್ಲ ಅಂತ. ಕೈಸನ್ನೆ ಮಾಡಿದೆ, ಹೋಗು ಅಂತ. ಆಕೆ ಮೊಳೆ ಕಿತ್ತು, ಕೌದಿ ಹೆಗಲ ಮೇಲೆ ಹಾಕಿಕೊಂಡು ಹೋದಳು. ಹೋಗುವಾಗ ಗೊಣಗಿದ್ದು ಕೇಳಿಸಿತು: ಎಂಬತ್ತು ಮಗ್ಗದೊಳಗ ಯಾವುದರ ಲಾಳಿ ತಪ್ಪೈತಿ ಅಂತ ಬಾಗಿಲದಾಗ ನಿಂತು ಹೇಳತಿದ್ದೆ, ಇವ ನನಗ ಕೈ ತೋರಸ್ತಾನ.

ಎರಡು ದಿನ ರೆಕ್ಕೆ ಕೊಯ್ಯುತ್ತ ಅದನ್ನೇ ಯೋಚಿಸಿದೆ. ಪ್ಲಸ್ ಮೈನಸ್ ತಿರುಗುಮುರುಗಾಗಿದ್ದರೆ ಒಂದು ಸ್ಪೀಕರ್ ಗಾಳಿಯನ್ನು ದೂಡುವಾಗ ಇನ್ನೊಂದು ಎಳೆಯುತ್ತದೆ. ಮೂರನೆಯ ದಿನ ಆಕೆಯ ಮಾತು ಸುಳ್ಳು ಅಂತ ತೋರಿಸಲಿಕ್ಕೇ ಬಲಗಡೆ ಸ್ಪೀಕರಿನ ಎರಡು ತಂತಿಯನ್ನು ಅದಲು ಬದಲು ಮಾಡಿದೆ. ಹಾಡು ಹಚ್ಚಿದೆ. ನನಗೆ ಕೂದಲಿನಷ್ಟೂ ವ್ಯತ್ಯಾಸ ಗೊತ್ತಾಗಲಿಲ್ಲ. ನೋಡು, ಎಲ್ಲ ಮೊದಲಿನ ಹಾಗೇ ಇದೆ ಅಂತ ಹೇಳಲು ತಿರುಗಿದರೆ, ದೊಡ್ಡವ್ವ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ಎರಡು ಡಬ್ಬಿಗಳ ನಡುವೆ, ಖಾಲಿ ಗೋಡೆಯ ಮುಂದೆ, ನೆಲದಿಂದ ಎರಡು ಮೊಳ ಮೇಲೆ ಇದ್ದ ಒಂದು ಜಾಗವನ್ನು, ಮನುಷ್ಯರ ಮುಖ ನೋಡುವ ಹಾಗೆ ನೋಡುತ್ತಿದ್ದಳು.

“ಇಲ್ಲಿ ಕುಂತಾಳ ನೋಡು,” ಅಂದಳು. “ಆ ಕಾಳು ತಗದ ಒಗಿ. ಅದು ನಿನಗ ಸುಳ್ಳ ಹೇಳಾಕತ್ತೈತಿ.”

ಆಗ ತಿಳಿಯಿತು. ನಾನು ಒಂದು ವರ್ಷ ಬಯಲುದನಿ ಕೇಳಿಯೇ ಇರಲಿಲ್ಲ. ಕಾಳು ಇಟ್ಟುಕೊಂಡೇ ಕೂತಿದ್ದೆ. ಅದು ಸ್ಪೀಕರಿನ ದನಿಯನ್ನು ಹಿಡಿದು, ತಿದ್ದಿ, ತುಂಬಿ, ನನಗೆ ಬೇಕಾದ ಹಾಗೆ ಮಾಡಿ ಕೊಡುತ್ತಿತ್ತು. ತಪ್ಪು ಹಚ್ಚಿದ ತಂತಿಯನ್ನೂ ಅದು ಮುಚ್ಚಿಹಾಕಿತ್ತು, ಸರಿ ಹಚ್ಚಿದ ತಂತಿಯನ್ನೂ ಮುಚ್ಚಿಹಾಕಿತು. ಕಾಳು ತೆಗೆಯುವುದು ನಮ್ಮಲ್ಲಿ ಸಣ್ಣ ಮಾತಲ್ಲ. ತೆಗೆದ ಕೂಡಲೇ ಶ್ರವಣ ಕಚೇರಿಗೆ ಸುದ್ದಿ ಹೋಗುತ್ತದೆ. ಬಹಳ ಸಲ ತೆಗೆದವರ ಕಾಳು ಬಂದ್ ಆಗುತ್ತದೆ, ಕಾಳು ಬಂದ್ ಆದರೆ ಯಾರ್ಡಿನ ಗೇಟು ತೆರೆಯುವುದಿಲ್ಲ. ನಾನು ಎಣ್ಣೆ ಬಿಟ್ಟು, ಚಿಮಟಿಗೆ ಹಾಕಿ, ಎರಡನ್ನೂ ತೆಗೆದು ಅಂಗೈಯಲ್ಲಿ ಇಟ್ಟುಕೊಂಡೆ. ದೊಡ್ಡವ್ವ ಸೂಜಿಯನ್ನು ಮೊದಲಿಗೆ ಇಡು ಅಂದಳು. ಇಟ್ಟೆ.

ಅದನ್ನು ಹೇಗೆ ಬರೆಯಲಿ. ಮೊದಲು ಬಂದದ್ದು ಹಾಡಲ್ಲ, ನಿಮ್ಮ ಖೋಲಿ. ಗೋಡೆ ಎಷ್ಟು ದೂರ, ಚಾವಣಿ ಎಷ್ಟು ಎತ್ತರ ಅಂತ ತಂಬೂರಿ ಶುರುವಾಗುವ ಮೊದಲೇ ತಿಳಿಯಿತು. ಆಮೇಲೆ ಆಕೆ ಉಸಿರು ಎಳೆದುಕೊಂಡಳು. ಹಾಡುವವರು ಉಸಿರು ಎಳೆದುಕೊಳ್ಳುತ್ತಾರೆ ಅಂತ ನನಗೆ ಇಪ್ಪತ್ತಮೂರು ವರ್ಷ ಗೊತ್ತಿರಲಿಲ್ಲ. ತೊಳೆದ ಹಾಡಿನಲ್ಲಿ ಯಾರೂ ಉಸಿರಾಡುವುದಿಲ್ಲ. ಆಕೆ ನಡುವೆ ಕೂತಿದ್ದಳು, ತಬಲಾ ಬಲಕ್ಕೆ ಸ್ವಲ್ಪ ಹಿಂದೆ, ಡಗ್ಗದ ಮೇಲೆ ಅಂಗೈ ಜಾರುವುದು ಕೂಡ ಕೇಳುತ್ತಿತ್ತು. ಹಾರ್ಮೋನಿಯಮ್ಮಿನ ಒಂದು ಮಣೆ ಸಡಿಲ, ಒತ್ತಿದಾಗೆಲ್ಲ ಟಕ್ ಅನ್ನುತ್ತದೆ. ಹನ್ನೊಂದನೆಯ ನಿಮಿಷಕ್ಕೆ ನೀವು ಕೆಮ್ಮಿದಿರಿ, ನನ್ನ ಎಡ ಭುಜದ ಹತ್ತಿರ. ನಾನು ತಿರುಗಿ ನೋಡಿದೆ. ನಿಜವಾಗಿ ತಿರುಗಿ ನೋಡಿದೆ. ಅಲ್ಲಿ ನೀರಿನ ಹರವಿ ಇತ್ತು ಅಷ್ಟೆ. ದೊಡ್ಡವ್ವ ಎದ್ದು ಹೋಗಿ ಹರವಿಯಿಂದ ಒಂದು ತಂಬಿಗೆ ನೀರು ತುಂಬಿ ಅಲ್ಲೇ ಹಿಡಿದು ನಿಂತಳು. ತಮಾಷೆಗೆ ಮಾಡಿದ್ದೋ ಅಲ್ಲವೋ ನಾನು ಕೇಳಲಿಲ್ಲ.

ಮರುದಿನ ಕೌದಿಯನ್ನು ಆಕೆಯೇ ತಂದು ಮೊಳೆ ಹೊಡೆದಳು. ಇನ್ನೂ ಎರಡು ತಂದಳು. ಆಮೇಲಿನ ನಾಲ್ಕು ತಿಂಗಳು ನಾವು ಇಬ್ಬರೂ ಆ ಖೋಲಿಯನ್ನು ಹದ ಮಾಡಿದ್ದೇ ಮಾಡಿದ್ದು. ನಾನು ಡಬ್ಬಿ ಸರಿಸಬೇಕು, ಆಕೆ ಹೊಸ್ತಿಲ ಮೇಲೆ ಕೂತು ಹೇಳಬೇಕು. ಒಂದು ಬೆರಳು ಒಳಗೆ, ಅರ್ಧ ಬೆರಳು ಹೊರಗೆ, ಸ್ವಲ್ಪ ಮುಖ ತಿರುಗಿಸು, ಈಗ ಆಕೆಯ ಬಾಯಿ ದೊಡ್ಡದಾಯಿತು, ಈಗ ತಬಲಾದವ ಗೋಡೆಯೊಳಗೆ ಹೋದ. ಕಪಾಟು ಖಾಲಿ ಇದ್ದರೆ ಗುಂಯ್ ಅನ್ನುತ್ತದೆ ಅಂತ ಅರಳೆ ತುಂಬಿದೆವು. ನೆಲಕ್ಕೆ ಚಾಪೆ ಹಾಸಿದರೆ ಬಳೆ ಸಪ್ಪಳ ಮಂಕಾಗುತ್ತದೆ ಅಂತ ಚಾಪೆ ತೆಗೆದೆವು. ಒಳ್ಳೆ ಯಂತ್ರ ಅಂದರೆ ಜೋರಾಗಿ ಕೂಗುವುದು ಅಂತ ಯಾರ್ಡಿನವರು ತಿಳಿದಿದ್ದಾರೆ. ಅಲ್ಲ. ಒಳ್ಳೆ ಯಂತ್ರ ಅಂದರೆ ತಾನು ಅಲ್ಲಿ ಇಲ್ಲ ಅನ್ನುವ ಹಾಗೆ ಇರುವುದು.

ದೊಡ್ಡವ್ವ ಹಾಡು ಕೇಳುತ್ತಾಳಂತೆ ಅನ್ನುವ ಸುದ್ದಿ ಓಣಿಗೆಲ್ಲ ಹೋಯಿತು. ಮೊದಲು ಬಂದವಳು ಪಕ್ಕದ ಮನೆಯ ಹುಸೇನಬಿ. ಆಮೇಲೆ ಒಬ್ಬೊಬ್ಬರಾಗಿ, ಆಕೆಯೂ ಸೇರಿ ಹದಿನೇಳು ಮನೆಯವರು. ಈಗ ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಬರುತ್ತಾರೆ, ಭೀಮಪಲಾಸಿಯ ಹೊತ್ತು ಅದೇ ಅಲ್ಲವೇ. ಹೊರಗೆ ಚಪ್ಪಲಿ ಬಿಟ್ಟು, ಬಾಗಿಲಲ್ಲಿ ಇಟ್ಟ ಸ್ಟೀಲಿನ ಬಟ್ಟಲಲ್ಲಿ ಕಾಳು ಬಿಟ್ಟು ಒಳಗೆ ಬರಬೇಕು. ಯಾರ ಕಾಳು ಯಾವುದು ಅಂತ ಗೊತ್ತಾಗಲು ನೂಲಿನ ತುಂಡು ಕಟ್ಟುತ್ತಾರೆ, ಒಬ್ಬೊಬ್ಬರಿಗೆ ಒಂದು ಬಣ್ಣ. ಎಲ್ಲರೂ ಕೂತ ಮೇಲೆ ಹುಸೇನಬಿ ಎದ್ದು ಫ್ಯಾನು ಬಂದ್ ಮಾಡುತ್ತಾಳೆ. ಫ್ಯಾನು ನಮ್ಮ ಕೇಳುವಿಕೆಗೆ ಅಡ್ಡಿ ಅನ್ನುವುದು ಒಂದು ಕಾರಣ. ನಿಮ್ಮ ಚೀಲದ ಮೇಲೆ ಬರೆದಿದೆ ಅನ್ನುವುದು ಇನ್ನೊಂದು. ನೀವು ಬೆವರಿದಷ್ಟು ನಾವೂ ಬೆವರುತ್ತೇವೆ. ಹನ್ನೊಂದನೆಯ ನಿಮಿಷಕ್ಕೆ ಎಲ್ಲರೂ ಎಡಕ್ಕೆ ಸ್ವಲ್ಪ ಜಾಗ ಬಿಡುತ್ತಾರೆ, ದೊಡ್ಡವ್ವ ತಂಬಿಗೆ ಹಿಡಿಯುತ್ತಾಳೆ. ಇದು ಈಗ ಪದ್ಧತಿ. ನೀವು ಗಂಡಸೋ ಹೆಂಗಸೋ ಅನ್ನುವುದರ ಮೇಲೆ ಜಗಳವಾಗಿದೆ. ನಾನು ವಯಸ್ಸಾದ ಗಂಡಸು ಅನ್ನುತ್ತೇನೆ. ದೊಡ್ಡವ್ವ ಒಪ್ಪುವುದಿಲ್ಲ, ಅದು ಸೆರಗಿನೊಳಗೆ ಕೆಮ್ಮಿದ ಕೆಮ್ಮು, ನೂಲಿನ ಸೀರೆ ಅಂತ ಹೇಳುತ್ತಾಳೆ. ಮಗ್ಗದವಳ ಜೊತೆ ಅರಿವೆ ವಿಷಯಕ್ಕೆ ವಾದ ಮಾಡಿ ಯಾರೂ ಗೆದ್ದಿಲ್ಲ.

ಒಂದೇ ಓಣಿಯಲ್ಲಿ ಒಂದೇ ಹೊತ್ತಿಗೆ ವಾರವಾರ ಇಷ್ಟು ಕಾಳು ಕಿವಿಯಿಂದ ಹೊರಬಿದ್ದರೆ ಕಚೇರಿಗೆ ತಿಳಿಯದೆ ಇರುತ್ತದೆಯೇ. ಮೊದಲು ಒಬ್ಬ ಬಂದು ಯಂತ್ರ ಹಿಡಿದು ತಟ್ಟೆಯ ಸಪ್ಪಳವನ್ನೆಲ್ಲ ಅಳೆದುಕೊಂಡು ಹೋದ. ಎರಡು ವಾರದ ಹಿಂದೆ, ಗುರುವಾರವೇ, ಅಧಿಕಾರಿ ಅಂದಾನಪ್ಪ ಮೇಟಿಯವರು ಬಂದರು. ಕೆಟ್ಟ ಮನುಷ್ಯರಲ್ಲ. ನನ್ನ ಕೈಕೆಲಸ ನೋಡಿ ಹೊಗಳಿದರು. ಹುಸೇನಬಿ ಕೊಟ್ಟ ಚಹಾ ಕೈಯಲ್ಲಿ ಹಿಡಿದು, ತಟ್ಟೆಯನ್ನು ಮೂವತ್ತನೇ ತಾರೀಖಿಗೆ ತೊಳೆತಕ್ಕೆ ಒಯ್ಯುತ್ತೇವೆ, ಹೆದರಬೇಡಿ, ಹಾಡು ಇನ್ನು ಸಾವಿರ ವರ್ಷ ಇರುತ್ತದೆ, ಊರಿನ ಎಲ್ಲರ ಕಾಳಿಗೂ ಬರುತ್ತದೆ ಅಂದರು. ಹಾಡನ್ನು ಮುಟ್ಟುವುದಿಲ್ಲ, ಕಸ ಮಾತ್ರ ತೆಗೆಯುತ್ತೇವೆ ಅಂದರು. ಯಾವುದು ಕಸ ಅಂತ ದೊಡ್ಡವ್ವ ಕೇಳಿದಳು. ಅವರು ಪಟ್ಟಿ ಬಿಚ್ಚಿ ಓದಿದರು. ನಲವತ್ತೊಂದು ಕಸ. ಬಳೆ ಏಳು ಕಡೆ. ಪಾರಿವಾಳ. ರೈಲು. ಸಡಿಲ ಮಣೆ. ಹತ್ತೊಂಬತ್ತನೆಯದು ನೀವು: ನಿಮಿಷ ಹನ್ನೊಂದು, ಕೆಮ್ಮು ಒಂದು, ಒತ್ತಿ ಹಿಡಿದದ್ದು. ಕೊನೆಯದು ಹಾಡುಗಾರ್ತಿಯ ಉಸಿರು.

“ಉಸರೂ ಕಸೇನ್ರೀ?” ದೊಡ್ಡವ್ವ ಅಂದಳು.

“ಹಾಡಿಗೆ ಉಸರು ಬೇಕಾಗಿಲ್ಲ, ಅವ್ವಾರ.”

“ಹಾಡಾಕಿಗೆ ಬೇಕಾಗಿತ್ತು.”

ಮೇಟಿಯವರು ಪಟ್ಟಿ ಮಡಚಿದರು. ನಾನು, ಒಮ್ಮೆ ಕೇಳಿ ಆಮೇಲೆ ಹೇಳಿ ಅಂದೆ. ಕಾಳು ಬಟ್ಟಲಿಗೆ ಹಾಕಿ ಅಂದಾಗ ಮಾತ್ರ, ಡ್ಯೂಟಿಯ ಮೇಲೆ ಇದ್ದಾಗ ತೆಗೆಯುವಂತಿಲ್ಲ, ಹೀಗೇ ಕೇಳುತ್ತೇನೆ ಅಂತ ಕೂತರು. ಫ್ಯಾನು ಬಂದ್ ಆಯಿತು. ಸೂಜಿ ಇಟ್ಟೆ. ಅವರು ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು, ಬೆವರು ಒರೆಸಿಕೊಳ್ಳುತ್ತಿದ್ದರು. ಹನ್ನೊಂದನೆಯ ನಿಮಿಷ ಬಂತು. ಖೋಲಿಯಲ್ಲಿದ್ದ ಎಲ್ಲರೂ ಒಮ್ಮೆಲೇ ಎಡಕ್ಕೆ ಜಾಗ ಬಿಟ್ಟರು, ದೊಡ್ಡವ್ವ ತಂಬಿಗೆ ಎತ್ತಿ ಹಿಡಿದಳು. ಮೇಟಿಯವರು ಕಣ್ಣು ತೆರೆದರು. ಎಲ್ಲರ ಮುಖ ನೋಡಿದರು. ಅವರ ಕಾಳು ಆಗಲೇ ನಿಮ್ಮನ್ನು ತೊಳೆದುಬಿಟ್ಟಿತ್ತು.

“ಏನಾತ್ರೀ? ಯಾರಿಗೆ ನೀರು?” ಅಂದರು.

ಹುಸೇನಬಿ ಪಾಪ ಅನ್ನುವ ದನಿಯಲ್ಲೇ ಕೇಳಿದಳು: “ಕೆಮ್ಮಿದರಲ್ರೀ ಸಾಹೇಬ್ರ. ನಿಮಗ ಕೇಳಸಲಿಲ್ಲೇನು?”

ಅಷ್ಟು ಮಂದಿಯ ನಡುವೆ ಅವರೊಬ್ಬರಿಗೇ ಕೇಳಿಸಿರಲಿಲ್ಲ. ಕೊನೆಯ ತನಕ ಕೂತರು, ಆದರೆ ಆಮೇಲೆ ತಲೆ ಆಡಿಸಲಿಲ್ಲ, ಎಲ್ಲರ ಮುಖವನ್ನೇ ನೋಡುತ್ತಿದ್ದರು, ಇನ್ನೇನು ತಪ್ಪಿಹೋಗುತ್ತದೋ ಅನ್ನುವ ಹಾಗೆ. ಬಾಗಿಲಲ್ಲಿ ಒಮ್ಮೆ ಬೆರಳು ಕಿವಿಯ ತನಕ ಹೋಯಿತು, ವಾಪಸು ಬಂತು. ಮೂವತ್ತಕ್ಕೆ ಬರ್ತೀವಿ ತಮ್ಮ, ಕೊಡಬೇಕಾಗತೈತಿ ಅಂದು ಹೋದರು. ಅವರು ಬದಲಾಗಲಿಲ್ಲ. ನಾನೂ ಬದಲಾಗುವುದಿಲ್ಲ.

ತೊಳೆದರೆ ಏನು ಹೋಗುತ್ತದೆ ಅಂತ ನನಗೆ ಲೆಕ್ಕ ಸಿಕ್ಕಿದೆ. ತೊಳೆದ ಹಾಡು ಕಾಳಿಗೆ ಹೋಗುತ್ತದೆ, ಕಾಳು ಇರುವವರಿಗೆ ಇನ್ನೊಂದು ಹಾಡು ಹೆಚ್ಚಾಗುತ್ತದೆ, ಅಷ್ಟೆ. ದೊಡ್ಡವ್ವನಿಗೆ ಕಾಳಿಲ್ಲ. ಆಕೆಗೆ ಈ ಊರಿನಲ್ಲಿ ಇರುವುದು ಇದೊಂದೇ ಹಾಡು. ಅದು ಹೋದ ದಿನ ಆಕೆಗೆ ಮತ್ತೆ ಕೈಸನ್ನೆ ಶುರುವಾಗುತ್ತದೆ.

ಅದಕ್ಕೆ ಹದಿನೈದು ದಿನ ನಾನು ಸುಮ್ಮನೆ ಕೂರಲಿಲ್ಲ. ಸಣ್ಣ ಸ್ಪೀಕರ್ ಒಂದನ್ನು ಉಲ್ಟಾ ಹಚ್ಚಿ ಮೈಕು ಮಾಡಿದೆ. ರೆಕ್ಕೆಯ ತೊಗಲನ್ನು ತಟ್ಟೆಯಾಕಾರಕ್ಕೆ ಕೊಯ್ದು, ಮೇಲೆ ಅದೇ ರೆಕ್ಕೆಯ ಅಂಟು ಹಚ್ಚಿ ಉಜ್ಜಿದೆ. ಕಾಯಿಸಿದ ಸೂಜಿ ಅದರ ಮೇಲೆ ಗೆರೆ ಕೊರೆಯುತ್ತದೆ. ಇಲ್ಲಿ ಹಾಡು ನಡೆಯುತ್ತಿದ್ದಂತೆ ಮೈಕು ಗಾಳಿಯಿಂದ ಹಿಡಿದು ಅಲ್ಲಿ ಕೊರೆಯುತ್ತದೆ. ಓಣಿಯವರನ್ನು ಪ್ರತಿ ಸಲವೂ ಕೂರಿಸಿಕೊಂಡು ಹದಿನೇಳು ಸಲ ಹಾಡು ಹಚ್ಚಿ ಹದಿನೇಳು ತಟ್ಟೆ ಮಾಡಿದೆ, ಮನೆಗೆ ಒಂದು. ಹುಸೇನಬಿಯ ಮನೆಯಲ್ಲಿ ಎರಡನೆಯ ಯಂತ್ರವೂ ತಯಾರಾಗುತ್ತಿದೆ, ಈ ಸಲ ತಂತಿಗೆ ಮೊದಲೇ ಬಣ್ಣ ಹಚ್ಚಿದ್ದೇನೆ. ಚೆನ್ನಾಗಿ ಕೇಳುವುದಿಲ್ಲ ಅವು, ಸುಳ್ಳು ಯಾಕೆ ಹೇಳಲಿ. ಎಣ್ಣೆಯಲ್ಲಿ ಮಿರ್ಚಿ ಬಿಟ್ಟ ಹಾಗೆ ಸುಂಯ್ ಅನ್ನುತ್ತದೆ, ಡಗ್ಗದ ಅರ್ಧ ಹೊಟ್ಟೆ ಹೋಗಿದೆ. ಮೈಕು ಒಂದೇ ಆದ್ದರಿಂದ ಎಡ ಬಲ ಇಲ್ಲ, ನಿಮ್ಮ ಹಿತ್ತಲ ಖೋಲಿಯವರೆಲ್ಲ ಎದ್ದು ಬಂದು ನಡುವೆ ಒತ್ತಿಕೊಂಡು ಕೂತಂತೆ ಕೇಳುತ್ತದೆ. ಆದರೆ ಖೋಲಿ ಇದೆ. ಉಸಿರು ಇದೆ. ನೀವು ಇದ್ದೀರಿ. ಇನ್ನೊಂದು ಸಂಗತಿ, ನಾನು ಯೋಚಿಸದೇ ಆದದ್ದು. ಗಾಳಿಯಿಂದ ಹಿಡಿದಿದ್ದರಿಂದ ನಮ್ಮ ಖೋಲಿಯೂ ಅದರಲ್ಲಿ ಬಿದ್ದಿದೆ. ನೀವು ಕೆಮ್ಮುತ್ತೀರಿ, ಆ ಕೂಡಲೇ ಹದಿನೆಂಟು ಮಂದಿ ಸರಿಯುವ ಸಪ್ಪಳ, ತಂಬಿಗೆ ಹರವಿಗೆ ತಾಕಿದ ಸಪ್ಪಳ, ದೊಡ್ಡವ್ವ ಮೆತ್ತಗೆ ತಗೋವ್ವಾ ಅನ್ನುವುದು. ಮೇಟಿಯವರ ಪಟ್ಟಿಯಲ್ಲಿ ನಲವತ್ತೊಂದು ಕಸ ಇತ್ತು. ನಮ್ಮ ತಟ್ಟೆಯದನ್ನು ಎಣಿಸಲು ಅವರು ಇನ್ನೊಂದು ಯಂತ್ರ ತರಬೇಕು.

ಈಗ ಮೂರು ಆಗುತ್ತ ಬಂತು. ಓಣಿಯವರೆಲ್ಲ ಬಂದು ಕೂತಿದ್ದಾರೆ. ನನ್ನ ಕಾಳು ಬೆಳಗ್ಗೆಯೇ ಬಟ್ಟಲಿಗೆ ಹಾಕಿದ್ದೇನೆ, ಮತ್ತೆ ಇಟ್ಟುಕೊಳ್ಳುವುದಿಲ್ಲ. ಯಾರ್ಡಿನ ಗೇಟು ತೆರೆಯದಿದ್ದರೆ ತೆರೆಯದಿರಲಿ, ಬರಿಗಿವಿಯವರ ಮನೆಗಳಿಗೆ ಸ್ಪೀಕರ್ ಕಟ್ಟಿಕೊಡುವ ಕೆಲಸ ನನಗೆ ಬೇಕಾದಷ್ಟಿದೆ. ನಾಲ್ಕಕ್ಕೆ ಬಂದವರು ಚಪ್ಪಲಿ ಬಿಟ್ಟು, ಕಾಳು ಬಿಟ್ಟು ಒಳಗೆ ಬಂದರೆ ಚಹಾ ಕೊಡುತ್ತೇವೆ, ಹಾಡು ಕೇಳಿಸುತ್ತೇವೆ. ಕರಿ ತಟ್ಟೆಯನ್ನು ನನ್ನ ಕೈಯಿಂದ ನಾನು ಎತ್ತಿ ಕೊಡುವುದಿಲ್ಲ. ಕಸಿದುಕೊಂಡು ಹೋದರೆ ಮುಂದಿನ ಗುರುವಾರ ಹುಸೇನಬಿಯ ಮನೆಯಲ್ಲಿ ಫ್ಯಾನು ಬಂದ್ ಆಗುತ್ತದೆ, ಅದನ್ನೂ ಒಯ್ದರೆ ಅದರ ಪಕ್ಕದ ಮನೆಯಲ್ಲಿ.

ಈ ಪತ್ರ ನಿಮಗೆ ಹೇಗೆ ಮುಟ್ಟುತ್ತದೋ ಗೊತ್ತಿಲ್ಲ. ನಿಮ್ಮ ಕೆಮ್ಮು ನನಗೆ ಮುಟ್ಟುತ್ತದೆ ಅಂತ ನಿಮಗೂ ಗೊತ್ತಿರಲಿಲ್ಲ. ಚೀಲದ ಮೇಲೆ ವರ್ಷ ಬರೆಯದ ಕಾರಣ, ಆ ರವಿವಾರ ನಿಮಗೆ ಇನ್ನೂ ಬಂದಿಲ್ಲದೆಯೂ ಇರಬಹುದು. ಹಾಗಿದ್ದರೆ ಒಂದೇ ಮಾತು ಕೇಳಿಕೊಳ್ಳುತ್ತೇನೆ. ಯಾರಾದರೂ ಎರಡು ಮೈಕು ಇಟ್ಟು ಹಾಡು ಹಿಡಿಯುತ್ತೇವೆ ಅಂತ ಕರೆದರೆ ಹೋಗಿ. ಗಂಟಲು ಸರಿಯಿಲ್ಲ ಅಂತ ಮನೆಯಲ್ಲಿ ಉಳಿಯಬೇಡಿ. ಎಡಗಡೆ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ, ಸಾಧ್ಯವಾದರೆ ನೂಲಿನ ಸೀರೆ ಉಟ್ಟುಕೊಳ್ಳಿ, ಗಂಡಸಾಗಿದ್ದರೆ ದೊಡ್ಡವ್ವನಿಗೆ ನಾನು ಹೇಳುವುದಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಗಂಟಲು ಕೆರೆದಾಗ ತಡೆದುಕೊಳ್ಳಬೇಡಿ, ಎದ್ದು ಹೊರಗೂ ಹೋಗಬೇಡಿ.

ಅಲ್ಲೇ ಕೂತು ಕೆಮ್ಮಿ. ನೀರು ಹಿಡಿದುಕೊಂಡು ನಿಂತಿದ್ದೇವೆ.

ಇಂತಿ,
ಫಕೀರೇಶ